ಬೇಲಿ ದಾಟಿದರೆ ಬೈಯುವುದಿಲ್ಲವೇ?

ಓದುಗರ ಪ್ರಶ್ನೆ, ಡರ್ಬಿಶೈರ್‌ನಿಂದ ಉತ್ತರ

ಹೋದ ಸಂಚಿಕೆಯಲ್ಲಿ ನಮ್ಮ ಹಳ್ಳಿಯ ನಡಿಗೆ ಗುಂಪಿನ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಚರ್ಚಿನ ಗೇಟಿನ ಬಳಿ ಸೇರುತ್ತೇವೆ, ಹೊಲ ಗುಡ್ಡ ಸುತ್ತಿ ಎಂಟೋ ಹತ್ತೋ ಕಿಲೋಮೀಟರ್ ನಡೆದು, ಪಬ್ಬಿನಲ್ಲಿ ಊಟ ಮುಗಿಸಿ ಮನೆ ಸೇರುತ್ತೇವೆ ಎಂದಷ್ಟೇ. ಅದಕ್ಕೆ ಇಷ್ಟೊಂದು ಕಾಗದ ಬರುತ್ತದೆಂದು ಸಂಪಾದಕರೂ ಎಣಿಸಿರಲಿಲ್ಲ, ನಾನೂ ಎಣಿಸಿರಲಿಲ್ಲ. ಬರೆದವರಲ್ಲಿ ಹೆಚ್ಚಿನವರು ಇಂಗ್ಲೆಂಡಿನಲ್ಲಿರುವ ಮಕ್ಕಳ ಮನೆಗೆ ಬಂದು ಹೋಗುವ ಅಪ್ಪ ಅಮ್ಮಂದಿರು. ಮಂಡಿನೋವಿಗೆ ಮದ್ದು ಕೇಳಿದವರು ದಯವಿಟ್ಟು ಡಾಕ್ಟರನ್ನು ನೋಡಿ. ಮಿಕ್ಕವರಿಗೆ ಇಲ್ಲಿ ಉತ್ತರವಿದೆ.

ಪ್ರಶ್ನೆ: ಮಗಳು ಡರ್ಬಿಶೈರಿನ ಒಂದು ಹಳ್ಳಿಯಲ್ಲಿದ್ದಾಳೆ. ಮೇ ತಿಂಗಳಲ್ಲಿ ನಾನೂ ನನ್ನ ಮನೆಯವರೂ ಬರುತ್ತಿದ್ದೇವೆ. ಅವಳ ಊರಿನಲ್ಲೂ ಇಂಥ ಗುಂಪಿದೆಯಂತೆ. ಕಂಡವರ ಹೊಲದ ನಡುವೆಯೇ ಹಾದು ಹೋಗುತ್ತಾರಂತೆ. ಪೈರು ತುಳಿಯಬಾರದು ಎಂದು ಮಕ್ಕಳಿಗೆ ಜೀವಮಾನವಿಡೀ ಪಾಠ ಹೇಳಿದವನು ನಾನು. ಬೇಲಿ ದಾಟಿದರೆ ಹೊಲದವರು ಬೈಯುವುದಿಲ್ಲವೇ?
— ನಿವೃತ್ತ ಮೇಷ್ಟ್ರು, ತಿಪಟೂರು

ಬೈಯುವ ಹಾಗಿಲ್ಲ ಮೇಷ್ಟ್ರೇ. ಹೊಲ ಅವರದೇ, ದಾರಿ ಎಲ್ಲರದು. ಇಲ್ಲಿ ಹಳ್ಳಿಯಲ್ಲಿ 'ಪಬ್ಲಿಕ್ ಫುಟ್‌ಪಾತ್' ಎಂಬ ಫಲಕ ಕಂಡರೆ ಅದು ಖಾಸಗಿ ಜಮೀನಿನ ನಡುವೆ ಹಾಯ್ದುಹೋಗುವ, ನಡೆಯಲು ಯಾರಿಗೆ ಬೇಕಾದರೂ ಕಾನೂನಿನ ಹಕ್ಕಿರುವ ಕಾಲುದಾರಿ. ಗೇಟಿನ ಕಂಬಕ್ಕೆ ಹಳದಿ ಬಾಣದ ಗುರುತು ಹೊಡೆದಿರುತ್ತಾರೆ. ಇಂಗ್ಲೆಂಡ್, ವೇಲ್ಸ್ ಎರಡೂ ಸೇರಿದರೆ ಇಂಥ ಹಕ್ಕಿನ ದಾರಿಗಳು 2 ಲಕ್ಷ ಕಿಲೋಮೀಟರಿಗೂ ಹೆಚ್ಚು. ಕೌಂಟಿ ಕೌನ್ಸಿಲ್ಲಿನಲ್ಲಿ ಒಂದು ಅಧಿಕೃತ ನಕ್ಷೆ ಇರುತ್ತದೆ. ಅದರಲ್ಲಿ ಗೆರೆ ಇದ್ದರೆ ದಾರಿ ಇದೆ, ಮುಗಿಯಿತು, ಮೇಲೆ ವಾದವಿಲ್ಲ.

ನಮ್ಮಜ್ಜ ಶ್ಯಾನುಭೋಗರು. ಇಬ್ಬರು ರೈತರು ಬಂದು ಜಗಲಿಯಲ್ಲಿ ಕೂಗಾಡಿದರೆ ಅವರು ಮಾತಾಡದೆ ಗ್ರಾಮ ನಕಾಶೆ ಬಿಚ್ಚಿ ಚುಕ್ಕೆ ಗೆರೆಯ ಮೇಲೆ ಬೆರಳಿಡುತ್ತಿದ್ದರಂತೆ. 'ನಕಾಶೆ ದಾರಿ' ಎಂಬ ಮಾತು ನಿಮಗೂ ಗೊತ್ತಿರಬೇಕು. ವ್ಯತ್ಯಾಸ ಇಷ್ಟೇ: ನಮ್ಮಲ್ಲಿ ಎಷ್ಟೋ ಕಡೆ ದಾರಿ ನಕಾಶೆಯಲ್ಲಿ ಉಳಿದು ನೆಲದ ಮೇಲೆ ಮಾಯವಾಯಿತು, ತಹಸೀಲ್ದಾರರಿಗೆ ಅರ್ಜಿ ಬರೆಯುವುದೇ ಕೆಲಸವಾಯಿತು. ಇಲ್ಲಿ ಜನ ನಡೆಯುವುದನ್ನು ಬಿಡಲಿಲ್ಲ. ನನ್ನನ್ನು ಕೇಳಿದರೆ ನಮ್ಮ ಗುಂಪಿನ ಅಸಲು ಕೆಲಸವೂ ಇದೇ. ಆರೋಗ್ಯ, ಸ್ನೇಹ, ಹಕ್ಕಿ ನೋಡುವುದು ಎಲ್ಲ ಅದರ ಜೊತೆಗೆ ಬಂದದ್ದು. ಜನವರಿಯ ನಡಿಗೆಗೆ ನಮ್ಮವರು ಬೇಕೆಂದೇ ಯಾರೂ ಹೋಗದ, ಮುಳ್ಳುಪೊದೆ ಮುತ್ತಿದ ದಾರಿ ಆರಿಸುತ್ತಾರೆ. ಒಬ್ಬರ ಚೀಲದಲ್ಲಿ ಗಿಡ ಕತ್ತರಿಸುವ ಕತ್ತರಿ ಇರುತ್ತದೆ. ಬೇಲಿ ದಾಟುವ ಮೆಟ್ಟಿಲು ಮುರಿದಿದ್ದರೆ ಫೋಟೊ ತೆಗೆದು ಸೋಮವಾರವೇ ಕೌನ್ಸಿಲ್ಲಿಗೆ ಕಳಿಸುತ್ತಾರೆ. ಮೆಟ್ಟಿಲು, ಗೇಟು ಸರಿ ಮಾಡಿಸಬೇಕಾದ್ದು ಜಮೀನಿನವರು. ಖರ್ಚಿನಲ್ಲಿ ಕಾಲು ಭಾಗವನ್ನಾದರೂ ಕೌನ್ಸಿಲ್ ಕೊಡಬೇಕು.

ಇನ್ನು ಪೈರಿನ ಮಾತು. ರೈತ ತನ್ನ ಹೊಲದ ನಡುವಿನ ಫುಟ್‌ಪಾತನ್ನು ಉತ್ತು ಬಿತ್ತಬಹುದು, ಆದರೆ ಬಿತ್ತನೆಗೆಂದು ಮೊದಲು ಉತ್ತ 14 ದಿನದೊಳಗೆ ದಾರಿಯನ್ನು ಮತ್ತೆ ಮಾಡಿಕೊಡಬೇಕು, ಅಗಲ ಕನಿಷ್ಠ 1 ಮೀಟರ್. ಹೊಲದ ಅಂಚಿನಲ್ಲಿ ಹಾದುಹೋಗುವ ದಾರಿಯನ್ನಂತೂ ಉಳುವಂತೆಯೇ ಇಲ್ಲ. 1990ರ ಕಾಯ್ದೆ ಇದನ್ನೆಲ್ಲ ಬಿಗಿ ಮಾಡಿತು. ಜೂನ್ ತಿಂಗಳಲ್ಲಿ ಬಂದರೆ ನೋಡುತ್ತೀರಿ: ಸೊಂಟದೆತ್ತರ ಬೆಳೆದ ಬಾರ್ಲಿ, ಅದರ ನಡುವೆ ಬೈತಲೆ ತೆಗೆದ ಹಾಗೆ ನೆಟ್ಟಗೆ ಒಂದು ಗೆರೆ, ಆಚೆ ತುದಿಯ ಕಲ್ಲುಗೋಡೆಯವರೆಗೆ. ಒಬ್ಬರ ಹಿಂದೆ ಒಬ್ಬರು ಹೋಗಬೇಕು. ತೆನೆಯ ಮುಳ್ಳುಗೂದಲು ಎರಡೂ ಕೈಗೆ ತಾಗುತ್ತಿರುತ್ತದೆ, ಕೋಟಿನ ತೋಳಿಗೆ ಹತ್ತಿಕೊಂಡು ಮನೆವರೆಗೂ ಬರುತ್ತದೆ. ರೈತ ದಾರಿ ಬಿಡದೆ ಬೆಳೆ ನಿಲ್ಲಿಸಿದ್ದರೆ? ಆಗ ಆ ಗೆರೆ ಹಿಡಿದು ಬೆಳೆಯ ನಡುವೆಯೇ ಹೋಗುವ ಹಕ್ಕು ನಿಮಗಿದೆ. ನಮ್ಮ ಮುಂದಾಳು ಹಾಗೇ ಹೋಗುತ್ತಾರೆ, ಒಂದು ಹೆಜ್ಜೆ ಆಚೀಚೆ ಸರಿಯುವುದಿಲ್ಲ. ಗದ್ದೆಯ ಬದುವಿನ ಮೇಲೆ ನಡೆದು ಬೆಳೆದ ನನಗೆ ಇವತ್ತಿಗೂ ಆ ಜಾಗದಲ್ಲಿ ಕಾಲು ಹಿಂದೆಗೆಯುತ್ತದೆ. ನಿಮಗೂ ಹಾಗೇ ಆಗುತ್ತದೆ, ಆಗಲಿ. ಗುಂಪಿನ ಕೊನೆಯಲ್ಲಿ ನಡೆಯಿರಿ, ಅಷ್ಟರಲ್ಲಿ ದಾರಿಯಾಗಿರುತ್ತದೆ.

ನಕ್ಷೆಯಲ್ಲಿ ಇಲ್ಲದ ದಾರಿಗೂ ಕಾನೂನಿದೆ. ಜನ ಕದ್ದುಮುಚ್ಚಿ ಅಲ್ಲ, ಜಗಳವಾಡಿ ಅಲ್ಲ, ಅಪ್ಪಣೆ ಬೇಡಿಯೂ ಅಲ್ಲ, ತಮ್ಮ ಪಾಡಿಗೆ ತಾವು ಸತತ 20 ವರ್ಷ ನಡೆದಿದ್ದಾರೆ, ಅಷ್ಟು ಕಾಲ ಜಮೀನಿನವರು ಇದು ಸಾರ್ವಜನಿಕ ದಾರಿಯಲ್ಲ ಎಂದು ತೋರಿಸಿಕೊಟ್ಟಿಲ್ಲ ಎಂದಾದರೆ, ದಾರಿ ಸಾರ್ವಜನಿಕರಿಗೆ ಬಿಟ್ಟದ್ದೆಂದೇ ಕಾನೂನು ಭಾವಿಸುತ್ತದೆ. ಇದು 1980ರ ಹೆದ್ದಾರಿ ಕಾಯ್ದೆಯಲ್ಲಿದೆ.

ಇದೆಲ್ಲ ಧಾರಾಳವಾಗಿ ಸಿಕ್ಕಿದ್ದು ಎಂದುಕೊಳ್ಳಬೇಡಿ. ನಮ್ಮ ಜಿಲ್ಲೆಯ ಅತಿ ಎತ್ತರದ ಜಾಗ ಕಿಂಡರ್ ಸ್ಕೌಟ್, 636 ಮೀಟರ್. ಒಂದು ಕಾಲಕ್ಕೆ ಅಲ್ಲಿ ಶ್ರೀಮಂತರು ಗ್ರೌಸ್ ಹಕ್ಕಿ ಬೇಟೆಯಾಡಲು ಗುಡ್ಡಕ್ಕೆ ಗುಡ್ಡವನ್ನೇ ಮುಚ್ಚಿ ಕಾವಲಿಟ್ಟಿದ್ದರು. 1932ರ ಏಪ್ರಿಲ್ 24ರಂದು ಮ್ಯಾಂಚೆಸ್ಟರ್ ಕಡೆಯ ನೂರಾರು ಕಾರ್ಮಿಕ ಹುಡುಗ ಹುಡುಗಿಯರು ಹೇಫೀಲ್ಡ್ ಎಂಬ ಹಳ್ಳಿಯ ಕಲ್ಲುಕ್ವಾರಿಯಲ್ಲಿ ಸೇರಿ, ಬೇಕೆಂದೇ ಅತಿಕ್ರಮಿಸಿ ಗುಡ್ಡ ಹತ್ತಿದರು. ಮುಂದಾಳು ಬೆನ್ನಿ ರಾತ್‌ಮನ್‌ಗೆ ಆಗ 20 ವರ್ಷ. ಕಾವಲುಗಾರರ ಜೊತೆ ತಳ್ಳಾಟವಾಯಿತು, ಐದು ಜನ ಜೈಲಿಗೆ ಹೋದರು. 1949ರಲ್ಲಿ ರಾಷ್ಟ್ರೀಯ ಉದ್ಯಾನಗಳ ಕಾಯ್ದೆ ಬಂತು, 1951ರಲ್ಲಿ ಈ ಗುಡ್ಡಗಳಿರುವ ಪೀಕ್ ಡಿಸ್ಟ್ರಿಕ್ಟ್ ದೇಶದ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. ಬೆಟ್ಟ, ಬೋಳುಗುಡ್ಡ, ಗೋಮಾಳದಂಥ ಕಡೆ ದಾರಿ ಬಿಟ್ಟೂ ತಿರುಗಾಡುವ ಹಕ್ಕು ಸಿಗಲು 2000ದ ಕಾಯ್ದೆ ಬರಬೇಕಾಯಿತು. 2002ರಲ್ಲಿ, ಆ ಗುಡ್ಡದ ಒಡೆಯರಾಗಿದ್ದ ಡ್ಯೂಕ್ ಮನೆತನದ ಮೊಮ್ಮಗ ತನ್ನ ಅಜ್ಜ ಮಾಡಿದ್ದು ತಪ್ಪು ಎಂದು ಎಲ್ಲರೆದುರು ಕ್ಷಮೆ ಕೇಳಿದರು. ನಮ್ಮ ಏಪ್ರಿಲ್ ನಡಿಗೆ ಹೊರಡುವುದು ಹೇಫೀಲ್ಡಿನಿಂದಲೇ. ನೀವು ಮೇನಲ್ಲಿ ಬರುವವರು, ಮಗಳನ್ನು ಕರೆದುಕೊಂಡು ಒಂದು ದಿನ ಹೋಗಿಬನ್ನಿ.

ಪ್ರಶ್ನೆ: ಅಕ್ಕಾ, ನಾನು ಮಗನ ಮನೆಯಲ್ಲಿದ್ದೇನೆ. ಬೆಳಿಗ್ಗೆ ಎಂಟಕ್ಕೆ ಇಬ್ಬರೂ ಕೆಲಸಕ್ಕೆ ಹೋದರೆ ಸಂಜೆ ಆರರವರೆಗೆ ನಾನು, ಟಿವಿ, ಕಿಟಕಿ. ಸೊಸೆ ಒಳ್ಳೆಯವಳು, ಗುಂಪಿಗೆ ಸೇರಿಸುತ್ತೇನೆ ಅನ್ನುತ್ತಾಳೆ. ನನಗೆ ಇಂಗ್ಲಿಷ್ ಬರುವುದಿಲ್ಲ. ಸೀರೆ ಉಡುವವಳು. ಮೊಟ್ಟೆ ಕೂಡ ತಿನ್ನುವುದಿಲ್ಲ. ಹೋದರೆ ನಗೆಪಾಟಲಾಗುತ್ತೇನೋ ಏನೋ.
— ಹೆಸರು ಬೇಡ, ಹಾಸನದವಳು

ಹೋಗಿ ತಾಯಿ. ಸೊಸೆಯೇ ಕರೆಯುತ್ತಿರುವಾಗ ಇನ್ನೇನು ಬೇಕು?

ಇಂಗ್ಲಿಷಿನ ಮಾತು ಮೊದಲು ಮುಗಿಸುತ್ತೇನೆ. ಡ್ರಾಯಿಂಗ್ ರೂಮಿನಲ್ಲಿ ಎದುರುಬದುರು ಕೂತರೆ ಮಾತಾಡಲೇಬೇಕು. ದಾರಿಯಲ್ಲಿ ಹಾಗಲ್ಲ, ಅಕ್ಕಪಕ್ಕ ನಡೆಯುವವರು ಅರ್ಧ ಗಂಟೆ ಸುಮ್ಮನಿದ್ದರೂ ಯಾರೂ ತಪ್ಪು ತಿಳಿಯುವುದಿಲ್ಲ. ಈ ಜನ ಸ್ವಭಾವತಃ ಮಾತಿಗೆ ಆತುರಪಡುವವರಲ್ಲ; ಆಡಿದರೆ ಮಳೆ, ನಾಯಿ, ಮಂಡಿ, ಈ ಮೂರೇ. ಸಂಬಳ ಎಷ್ಟು, ಮಗನಿಗೆ ಮಕ್ಕಳೆಷ್ಟು ಎಂದು ಕೇಳುವುದಿಲ್ಲ. ನೀವೂ ಕೇಳಬೇಡಿ.

ನಮ್ಮಮ್ಮ ಬಂದಿದ್ದಾಗ ಅವರಿಗೆ ಬರುತ್ತಿದ್ದದ್ದು 'ಥ್ಯಾಂಕ್ಯೂ' ಒಂದೇ. ಸೆಪ್ಟೆಂಬರ್ ನಡಿಗೆಯಲ್ಲಿ ಬೇಲಿಯ ತುಂಬ ಬ್ಲ್ಯಾಕ್‌ಬೆರಿ ಹಣ್ಣು. ಇಲ್ಲಿ ದಾರಿ ಬದಿಯ ಬೇಲಿಹಣ್ಣು ಮನೆಗಷ್ಟು ಕಿತ್ತುಕೊಂಡರೆ ಯಾರೂ ಬೇಡವೆನ್ನುವುದಿಲ್ಲ, ಇಡೀ ಗುಂಪೇ ನಿಂತುಬಿಡುತ್ತದೆ. ಅಮ್ಮ ಬುತ್ತಿಯ ಸ್ಟೀಲ್ ಡಬ್ಬಿ ಖಾಲಿ ಮಾಡಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನಿಂತರು. ಪಕ್ಕದಲ್ಲಿ ಒಬ್ಬರು ನಿವೃತ್ತ ನರ್ಸಮ್ಮ. ಅಮ್ಮ ಕೆಂಪಗಿದ್ದ ಹಣ್ಣಿಗೆ ಕೈ ಹಾಕಿದರೆ ಆಕೆ ತಲೆಯಾಡಿಸುವುದು, ಕಪ್ಪಗೆ ಕಳಿತದ್ದನ್ನು ತೋರಿಸುವುದು. ಮೇಲಿನ ಕೊಂಬೆಯನ್ನು ಆಕೆ ಕೋಲಿನಿಂದ ಬಗ್ಗಿಸಿ ಹಿಡಿದರೆ ಇವರು ಕೀಳುವುದು. ಇಬ್ಬರ ಬೆರಳೂ ನೇರಳೆ. ಮನೆಗೆ ಬಂದು ಅಮ್ಮ ಅದಕ್ಕೆ ಬೆಲ್ಲ, ಹುಣಸೆರಸ, ಮೆಣಸಿನಪುಡಿ ಹಾಕಿ ಗೊಜ್ಜು ಮಾಡಿದರು. ಒಂದು ಬಾಟಲಿ ನರ್ಸಮ್ಮನ ಮನೆಗೂ ಹೋಯಿತು. ಆಕೆ ಅದನ್ನು ಚೀಸ್ ಜೊತೆ ತಿಂದರಂತೆ. ಅದಕ್ಕೆ ಅಮ್ಮನ ಮುಖ ನೋಡಬೇಕಿತ್ತು.

ಹಿಂದೆ ಬೀಳುವ ಭಯವೂ ಬೇಡ. ಮುಂದೆ ದಾರಿ ತೋರಿಸುವವರೊಬ್ಬರು, ಎಲ್ಲರಿಗಿಂತ ಹಿಂದೆ ನಡೆಯುವವರೊಬ್ಬರು, ಇಬ್ಬರೂ ಗೊತ್ತಾಗಿರುತ್ತಾರೆ. ಹಿಂದಿನವರನ್ನು ದಾಟಿ ಯಾರೂ ಉಳಿಯುವಂತಿಲ್ಲ, ಗೇಟು ಹಾಕುವುದೂ ಅವರ ಕೆಲಸವೇ. ಮುಂದಾಳು ವಾರದ ಮುಂಚೆ ಒಮ್ಮೆ ನಡೆದು ನೋಡಿಕೊಂಡು ಬಂದಿರುತ್ತಾರೆ, ಎಲ್ಲಿ ಕೆಸರು, ಎಲ್ಲಿ ದನ ಬಿಟ್ಟಿದ್ದಾರೆ ಎಂದು.

ಸೀರೆಯ ವಿಷಯದಲ್ಲಿ ಸುಳ್ಳು ಹೇಳಲಾರೆ. ನಮ್ಮ ಕಡೆ ಸುಣ್ಣಕಲ್ಲಿನ ಗೋಡೆಗಳಲ್ಲಿ ಎರಡು ನಿಲುಗಲ್ಲುಗಳ ನಡುವೆ ಒಂದು ಕಾಲು ತೂರುವಷ್ಟು ಸಂದಿ ಬಿಟ್ಟಿರುತ್ತಾರೆ: ಮನುಷ್ಯ ಹೋಗಬಹುದು, ಕುರಿ ಹೋಗಬಾರದು. ಅಲ್ಲಿ ಸೀರೆ ನಡೆಯುತ್ತದೆ. ಗೋಡೆಯ ಮೇಲೆ ಏಣಿಯ ಹಾಗೆ ಹತ್ತಿ ಇಳಿಯುವ ಮರದ ಮೆಟ್ಟಿಲಿದ್ದರೆ ನಡೆಯುವುದಿಲ್ಲ, ಜೊತೆಗೆ ಗಾಳಿ ಬೇರೆ. ಚೂಡಿದಾರ್ ಹಾಕಿ, ಮೇಲೊಂದು ಮಳೆಕೋಟು. ಚಳಿಗೆ ಹತ್ತಿಯ ಬಟ್ಟೆ ಪದರ ಪದರವಾಗಿ ಹಾಕಬೇಡಿ, ನೆನೆದರೆ ಆರುವುದಿಲ್ಲ, ಉಣ್ಣೆಯದು ಮೇಲು. ದುಡ್ಡು ಹಾಕುವುದಾದರೆ ಬೂಟಿಗೆ ಹಾಕಿ, ಹರಡು ಮುಚ್ಚುವಂಥದ್ದು. ಒದ್ದೆ ಸುಣ್ಣಕಲ್ಲು ಪಾಚಿ ಕಟ್ಟಿದ ಬಾವಿಕಟ್ಟೆಗಿಂತ ಜಾರುತ್ತದೆ.

ಊಟಕ್ಕೆ ಚಪಾತಿಗೆ ಚಟ್ನಿಪುಡಿ ತುಪ್ಪ ಸವರಿ ಸುರುಳಿ ಸುತ್ತಿ ಒಯ್ಯಿರಿ, ಫ್ಲಾಸ್ಕಿನಲ್ಲಿ ಕಾಫಿ. ಹನ್ನೊಂದಕ್ಕೆ ಎಲ್ಲರೂ ಕೂರುತ್ತಾರೆ. ಗಾರೆಯಿಲ್ಲದೆ ಬರೀ ಕಲ್ಲು ಜೋಡಿಸಿದ ಗೋಡೆಯ ಮೇಲೆ ಕೂರಬೇಡಿ, ಕಲ್ಲು ಉದುರಿದರೆ ಕಟ್ಟುವವರ ಕೂಲಿ ದುಬಾರಿ. ಯಾರಾದರೂ ಪ್ರೀತಿಯಿಂದ ಬೇಕ್‌ವೆಲ್ ಪುಡ್ಡಿಂಗ್ ಕೊಟ್ಟರೆ ನಕ್ಕು ಬೇಡವೆನ್ನಿ, ಅದು ಮೊಟ್ಟೆಯದೇ.

ಪ್ರಶ್ನೆ: ಅದೇನೋ ಇಂಗ್ಲೆಂಡಿನವರು ದನ ಕಂಡರೆ ಸುತ್ತುಬಳಸಿ ಹೋಗುತ್ತಾರಂತೆ, ನಿಜವೇ? ನಮ್ಮ ಕೊಟ್ಟಿಗೆಯಲ್ಲಿ ಮೂರು ಜರ್ಸಿ ಇವೆ, ಮೊಮ್ಮಗಳು ಬಾಲ ಹಿಡಿದು ಆಡುತ್ತಾಳೆ.
— ಹಾಲು ಹಾಕುವವನು, ಮಂಡ್ಯ

ನಿಜ, ಮತ್ತು ಸರಿ. ನಿಮ್ಮ ಹಸು ದಿನಾ ಮನುಷ್ಯರ ಕೈಯಲ್ಲಿ ಬೆಳೆದದ್ದು. ಇಲ್ಲಿ ಗುಡ್ಡದ ಮೇಲೆ ಕರು ಜೊತೆ ಬಿಟ್ಟ ಮಾಂಸದ ತಳಿಯ ಹಸುವಿಗೆ ಮನುಷ್ಯನ ಪರಿಚಯ ಕಡಿಮೆ, ನಾಯಿಯ ಮೇಲೆ ಕೋಪ ಜಾಸ್ತಿ. ದನ ತುಳಿದು ನಡಿಗೆಯವರು ಸತ್ತ ಸುದ್ದಿ ಆಗಾಗ ಬರುತ್ತದೆ. ಹಸುವಿಗೂ ಕರುವಿಗೂ ನಡುವೆ ಹೋಗಬಾರದು. ನಾಯಿಯನ್ನು ಹಗ್ಗದಲ್ಲೇ ಹಿಡಿದಿರಬೇಕು, ಆದರೆ ದನ ಅಟ್ಟಿಸಿಕೊಂಡು ಬಂದರೆ ಹಗ್ಗ ಬಿಟ್ಟುಬಿಡಬೇಕು. ನಾಯಿ ಓಡಿ ಪಾರಾಗುತ್ತದೆ, ನಾವು ಓಡಲಾರೆವು.

ನಿಮಗೆ ಇಷ್ಟವಾಗುವ ಸಂಗತಿ ಒಂದಿದೆ. 1981ರ ಕಾಯ್ದೆಯ ಪ್ರಕಾರ ಜರ್ಸಿ, ಹೋಲ್‌ಸ್ಟೀನ್, ಫ್ರೀಜಿಯನ್‌ನಂಥ ಹಾಲಿನ ತಳಿಯ, 10 ತಿಂಗಳು ದಾಟಿದ ಹೋರಿಯನ್ನು ಫುಟ್‌ಪಾತ್ ಹಾಯುವ ಹೊಲದಲ್ಲಿ ಬಿಡುವಂತೆಯೇ ಇಲ್ಲ. ಬೇರೆ ತಳಿಯ ಹೋರಿಯನ್ನು ಹಸುಗಳ ಜೊತೆಯಿದ್ದರೆ ಮಾತ್ರ ಬಿಡಬಹುದು. ಹಾಲಿನ ತಳಿಯ ಹೋರಿ ಎಷ್ಟು ಮುಂಗೋಪಿ ಎನ್ನುವುದನ್ನು ನಿಮಗೆ ನಾನು ಹೇಳಬೇಕೇ?

ಪ್ರಶ್ನೆ: ಶೆಫೀಲ್ಡಿನಲ್ಲಿ ಕೆಲಸ. ಸ್ನೇಹಿತರ ಜೊತೆ ನಾವೇ ಹಳ್ಳಿ ಕಡೆ ನಡೆಯಬೇಕೆಂದಿದ್ದೇವೆ. ಮೊಬೈಲ್ 9 ಕಿಲೋಮೀಟರಿಗೆ ಇಷ್ಟು ಹೊತ್ತು ಅನ್ನುತ್ತದೆ, ಅದನ್ನು ನಂಬಬಹುದೇ?
— ಸಾಫ್ಟ್‌ವೇರ್ ಹುಡುಗ, ಮೂಲ ಧಾರವಾಡ

ನಂಬಬೇಡಪ್ಪ. 1892ರಲ್ಲಿ ನೇಸ್ಮಿತ್ ಎಂಬ ಸ್ಕಾಟ್ಲೆಂಡಿನವರು ಕೊಟ್ಟ ಲೆಕ್ಕ ಇವತ್ತಿಗೂ ನಡೆಯುತ್ತಿದೆ: 5 ಕಿಲೋಮೀಟರಿಗೆ ಒಂದು ಗಂಟೆ, ಮೇಲೆ ಪ್ರತಿ 100 ಮೀಟರ್ ಏರಿಗೆ 10 ನಿಮಿಷ. 9 ಕಿಲೋಮೀಟರ್, 300 ಮೀಟರ್ ಏರು ಎಂದರೆ 2 ಗಂಟೆ 18 ನಿಮಿಷ. ಇದು ನಿಲ್ಲದೆ ನಡೆಯುವವರ ಲೆಕ್ಕ. ಕಾಫಿ, ಫೋಟೊ, ಬೂಟಿನ ದಾರ ಸೇರಿಸಿದರೆ ಮೂರೂವರೆ ಅನ್ನು. ಡಿಸೆಂಬರಿನಲ್ಲಿ ನಾಲ್ಕಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ, ಹನ್ನೆರಡಕ್ಕೆ ಎದ್ದು ಹೊರಡುವ ಭಾನುವಾರಗಳಿಗೆ ಇದು ಆಗಿಬರುವುದಿಲ್ಲ.

ಆರ್ಡ್‌ನೆನ್ಸ್ ಸರ್ವೆ ಎಂಬ ಸರ್ಕಾರಿ ನಕ್ಷೆ ಸಂಸ್ಥೆಯ ಕಿತ್ತಳೆ ರಟ್ಟಿನ ಎಕ್ಸ್‌ಪ್ಲೋರರ್ ನಕ್ಷೆ ಕೊಳ್ಳು. ನಿನ್ನ ಕಡೆಗೆ ಬೇಕಾದ ನಕ್ಷೆಯ ಸಂಖ್ಯೆ ಓಎಲ್ 1. ನಕ್ಷೆಯ 4 ಸೆಂಟಿಮೀಟರ್ ನೆಲದ ಮೇಲೆ 1 ಕಿಲೋಮೀಟರ್, ಹಸಿರು ತುಂಡುಗೆರೆ ಇದ್ದರೆ ಹಕ್ಕಿನ ದಾರಿ. ಕಣಿವೆಯಲ್ಲಿ ಮೊಬೈಲ್ ಸಿಗ್ನಲ್ ಎಷ್ಟೋ ಕಡೆ ಇರುವುದಿಲ್ಲ. ಶೆಫೀಲ್ಡಿನಿಂದ ಮ್ಯಾಂಚೆಸ್ಟರಿಗೆ ಹೋಗುವ ರೈಲು ಹ್ಯಾದರ್‌ಸೇಜ್, ಹೋಪ್, ಈಡೇಲ್‌ಗಳಲ್ಲಿ ನಿಲ್ಲುತ್ತದೆ, ಕಾರು ಬೇಕಿಲ್ಲ. ಒಂದು ಸ್ಟೇಷನ್ನಿನಲ್ಲಿ ಇಳಿದು ಮುಂದಿನದರಲ್ಲಿ ಹತ್ತುವ ಹಾಗೆ ನಡೆದರೆ ಬಂದ ದಾರಿಯಲ್ಲೇ ವಾಪಸು ಬರುವ ಬೇಸರವೂ ಇಲ್ಲ.

ಪ್ರಶ್ನೆ: ಪಬ್ಬಿಗೆ ಹೋಗಲೇಬೇಕಾ ಅಕ್ಕ? ನಾನು ಕುಡಿಯುವುದಿಲ್ಲ.
— ದಾವಣಗೆರೆ ಓದುಗ

ಬೇಕಿಲ್ಲ, ಆದರೆ ಹೋಗಿ. ನಿಂಬೆ ಸೋಡ ಕೇಳಿದರೆ ಯಾರೂ ಹುಬ್ಬೇರಿಸುವುದಿಲ್ಲ. ಕೆಸರು ಬೂಟು ಬಾಗಿಲಲ್ಲೇ ಬಿಡಿ. ಬುತ್ತಿ ಒಳಗೆ ಬಿಚ್ಚಬೇಡಿ, ಅದು ಅವರ ವ್ಯಾಪಾರ. ಸಿಪ್ಪೆ ಸಮೇತ ಸುಟ್ಟ ದೊಡ್ಡ ಆಲೂಗಡ್ಡೆಗೆ ಬೀನ್ಸ್ ಹಾಕಿ ಕೊಡುತ್ತಾರೆ. ಸಪ್ಪೆ. ಉಪ್ಪಿನಕಾಯಿಯ ಪುಟ್ಟ ಡಬ್ಬಿ ಜೇಬಿನಲ್ಲಿದ್ದರೆ ನಾನು ನೋಡಿಲ್ಲ.

ಪ್ರಶ್ನೆ: ನಾವು ಮಂಗನ ಕಾಯಿಲೆ ನೋಡಿದವರು. ಅಲ್ಲೂ ಉಣುಗು ಇವೆಯೆಂದು ಮಗ ಹೇಳಿದ. ಅಂದಮೇಲೆ ಹುಲ್ಲಿನಲ್ಲಿ ನಡೆಯುವುದೇ ಅಪಾಯವಲ್ಲವೇ?
— ಅಡಿಕೆ ಬೆಳೆಗಾರರು, ಸಾಗರ

ಇವೆ. ಕುರಿ, ಜಿಂಕೆ ಓಡಾಡುವ ಎತ್ತರದ ಹುಲ್ಲು, ಜರಿಗಿಡಗಳ ನಡುವೆ, ವಸಂತದಿಂದ ಶರತ್ಕಾಲದವರೆಗೆ ಹೆಚ್ಚು. ಆದರೆ ಇಲ್ಲಿ ಅವು ಮುಖ್ಯವಾಗಿ ಹರಡುವುದು ಲೈಮ್ ರೋಗ. ನಿಮ್ಮ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ್ದು ವೈರಸ್ಸಿನ ಕಾಯಿಲೆ. ಇದು ಬ್ಯಾಕ್ಟೀರಿಯದ್ದು, ಆಂಟಿಬಯಾಟಿಕ್‌ಗೆ ಬಗ್ಗುತ್ತದೆ. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ತುರುಕಿ ನಡೆಯಿರಿ. ಮನೆಗೆ ಬಂದ ಮೇಲೆ ಮಂಡಿಯ ಹಿಂದೆ, ಕಂಕುಳು, ತೊಡೆಸಂದಿ, ಕಿವಿಯ ಹಿಂದೆ ನೋಡಿಕೊಳ್ಳಿ. ಕಚ್ಚಿಕೊಂಡಿದ್ದರೆ ಎಣ್ಣೆ ಬಿಡುವುದು, ಬೆಂಕಿಕಡ್ಡಿ ತಾಗಿಸುವುದು ಬೇಡ. ಸಣ್ಣ ಮೊನೆಯ ಚಿಮಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು ನಿಧಾನವಾಗಿ ಮೇಲಕ್ಕೆಳೆಯಿರಿ. ಕಚ್ಚಿದ ಜಾಗದಲ್ಲಿ ಒಂದರಿಂದ ನಾಲ್ಕು ವಾರದಲ್ಲಿ, ಕೆಲವೊಮ್ಮೆ ಮೂರು ತಿಂಗಳಾದ ಮೇಲೂ, ದುಂಡಗೆ ಕೆಂಪು ಹರಡಬಹುದು. ಹರಡಿದರೆ ಡಾಕ್ಟರಿಗೆ ತೋರಿಸಿ, ಉಣುಗು ಕಚ್ಚಿತ್ತೆಂದು ಬಾಯಿಬಿಟ್ಟು ಹೇಳಿ. ಅಷ್ಟರಲ್ಲಿ ಊರಿಗೆ ವಾಪಸಾಗಿದ್ದರೆ ಅಲ್ಲಿನ ಡಾಕ್ಟರಿಗೆ ಇಂಗ್ಲೆಂಡಿನಲ್ಲಿ ಹುಲ್ಲಲ್ಲಿ ನಡೆದಿದ್ದೆ ಎನ್ನುವುದನ್ನೂ ಸೇರಿಸಿ ಹೇಳಬೇಕು. ಇಲ್ಲದಿದ್ದರೆ ಅವರಿಗೆ ಲೈಮ್ ನೆನಪಾಗುವುದು ಕಷ್ಟ.

ಪ್ರಶ್ನೆ: ನಮ್ಮೂರಿನಲ್ಲೂ ಇಂಥದ್ದು ಶುರು ಮಾಡಬಹುದೇ ಮೇಡಂ? ನಾವು ಹತ್ತು ಹುಡುಗರಿದ್ದೇವೆ. ಟೀ ಶರ್ಟ್ ಮಾಡಿಸಿದ್ದೇವೆ.
— ತೀರ್ಥಹಳ್ಳಿ ತಾಲ್ಲೂಕಿನಿಂದ

ಟೀ ಶರ್ಟ್ ಆಗಿಹೋಯಿತಲ್ಲ, ಇನ್ನು ಮಿಕ್ಕದ್ದು ಸಣ್ಣ ಕೆಲಸ.

ಭೂದಾಖಲೆಗಳ ಇಲಾಖೆಯ ಜಾಲತಾಣದಲ್ಲಿ ನಿಮ್ಮ ಗ್ರಾಮ ನಕಾಶೆ ಸಿಗುತ್ತದೆ, ಮೊದಲು ಅದನ್ನು ಇಳಿಸಿಕೊಳ್ಳಿ. ಕಾಲುದಾರಿ, ಬಂಡಿದಾರಿ ಚುಕ್ಕೆ ಗೆರೆಯಲ್ಲಿರುತ್ತವೆ. ಅದನ್ನು ಹಿಡಿದು ಊರಿನ ಅಜ್ಜಂದಿರ ಜೊತೆ ಒಂದು ಸಂಜೆ ಕೂತರೆ ಯಾವ ದಾರಿ ಯಾವ ಸಂತೆಗೆ, ಯಾವ ದೇವಸ್ಥಾನಕ್ಕೆ ಹೋಗುತ್ತಿತ್ತು ಎಂದು ಅವರೇ ಹೇಳುತ್ತಾರೆ. ತೋಟದೊಳಗೆ ಹಾಯುವುದಾದರೆ ಮನೆಗೆ ಹೋಗಿ ಒಂದು ಮಾತು ಹೇಳಿ. ಇಲ್ಲಿನ ಕಾನೂನನ್ನು ಅಲ್ಲಿ ಓದಿ ಹೇಳಲು ಹೋದರೆ ನಾಯಿ ಬಿಡುತ್ತಾರೆ. ಕಾಡಿನ ದಾರಿಯಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಊರ ಹುಡುಗರು ನಾವು ಎನ್ನುವುದು ಅಲ್ಲಿ ನಡೆಯುವುದಿಲ್ಲ. ಗುಂಪಿನಲ್ಲಿ ಹೆಂಗಸರಿರಲಿ, ವಯಸ್ಸಾದವರಿರಲಿ. ಹತ್ತು ಹುಡುಗರು ಮಾತ್ರ ನಡೆದರೆ ಅದು ಎರಡನೇ ತಿಂಗಳಿಗೇ ಓಟದ ಪಂದ್ಯವಾಗುತ್ತದೆ, ನಾಲ್ಕನೇ ತಿಂಗಳಿಗೆ ಬೈಕಿನಲ್ಲಿ ಹೋಗುತ್ತೀರಿ.

ಪ್ರತಿ ತಿಂಗಳೂ ನಡೆಯಲೇಬೇಕೆಂಬ ಹಟ ನಿಮ್ಮ ಕಡೆ ಸಲ್ಲದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಮತ್ತು ಉಂಬಳ. ಡಿಸೆಂಬರಿನಿಂದ ಮೇವರೆಗೆ ಮಂಗನ ಕಾಯಿಲೆಯ ಕಾಲ. ಆಗ ಕಾಡಂಚು ಬಿಟ್ಟು ರಸ್ತೆ, ಗದ್ದೆಯ ಕಡೆ ಮಾತ್ರ ನಡೆಯಿರಿ, ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಹಂಚುವ ಡೆಪಾ ತೈಲ ಹಚ್ಚಿಕೊಳ್ಳಿ, ಮಂಗ ಸತ್ತು ಬಿದ್ದಿದ್ದರೆ ಹತ್ತಿರ ಹೋಗದೆ ಆಸ್ಪತ್ರೆಗೆ ತಿಳಿಸಿ. ಕಾಡಂಚಿನ ದಾರಿಗೆ ಉಳಿಯುವುದು ಅಕ್ಟೋಬರ್, ನವೆಂಬರ್. ಅಡಿಕೆ ಕೊಯ್ಲು ಶುರುವಾದರೆ ನಿಮ್ಮಲ್ಲಿ ಅರ್ಧ ಜನ ಸಿಗುವುದಿಲ್ಲ, ಹಾಗಾಗಿ ದಸರೆ ಕಳೆದ ಭಾನುವಾರವೇ ಹೊರಡಿ.